ನಕ್ಷತ್ರವನ್ನು ಬಿಡಿಸುವವರು ಯಾರು?

ಪ್ರಶ್ನೆ: ಭತ್ತದ ತೂಕದ ಕಡತಗಳನ್ನು ಓದಿ ಮೊತ್ತ ಹೇಳುವ ಸಿ ಪ್ರೋಗ್ರಾಂ ಬರೆದಿದ್ದೇನೆ. ಆರ್ಗ್ಯುಮೆಂಟಾಗಿ (ಪ್ರೋಗ್ರಾಂನ ಹೆಸರಿನ ಮುಂದೆ ಟೈಪಿಸುವ ಪದವಾಗಿ) ನಕ್ಷತ್ರ ಚಿಹ್ನೆ (*) ಕೊಟ್ಟರೆ ಕಾಲೇಜಿನ ಲಿನಕ್ಸ್‌ನಲ್ಲಿ ಎಲ್ಲ ಕಡತಗಳೂ ಸಿಗುತ್ತವೆ. ಮನೆಯ ವಿಂಡೋಸ್‌ನಲ್ಲಿ ಬರೀ ನಕ್ಷತ್ರ ಬರುತ್ತದೆ. ‘ಸೋನಾ ಮಸೂರಿ’ ಎಂದು ಕನ್ನಡದಲ್ಲಿ ಕೊಟ್ಟರೆ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಏಕೆ?
– ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಲಿನಕ್ಸ್‌ನಲ್ಲಿ ನೀವು ಟೈಪಿಸಿದ ಸಾಲನ್ನು ಪದಗಳಾಗಿ ಒಡೆದು, ನಕ್ಷತ್ರಕ್ಕೆ ಹೊಂದುವ ಕಡತಗಳ ಹೆಸರನ್ನು ಹುಡುಕಿ ತುಂಬುವುದು ಶೆಲ್, ಅಂದರೆ ನಿಮ್ಮ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಂ; ನಿಮ್ಮ ಪ್ರೋಗ್ರಾಂ ನಕ್ಷತ್ರವನ್ನು ಕಂಡೇ ಇರುವುದಿಲ್ಲ. ವಿಂಡೋಸ್ ಇಡೀ ಸಾಲನ್ನು ಒಂದೇ ತುಂಡಾಗಿ ಒಪ್ಪಿಸುತ್ತದೆ, ಒಡೆಯುವ ಕೆಲಸ ಪ್ರೋಗ್ರಾಂನೊಳಗೇ ಸೇರಿರುವ ಸಿ ಲೈಬ್ರರಿಯದು; ಮೈಕ್ರೋಸಾಫ್ಟ್‌ನ ಲೈಬ್ರರಿ ನಾವು ಹೇಳದ ಹೊರತು ನಕ್ಷತ್ರವನ್ನು ಬಿಡಿಸುವುದಿಲ್ಲ.

ಕನ್ನಡದ ತೊಡಕು ಬೇರೆ. ವಿಂಡೋಸ್ ಆ ಸಾಲನ್ನು ಎಲ್ಲ ಭಾಷೆಗಳ ಅಕ್ಷರಗಳಿಗೂ ಜಾಗವಿರುವ ಯೂನಿಕೋಡ್‌ನಲ್ಲೇ ಇಟ್ಟಿರುತ್ತದೆಯಾದರೂ, ಸಿ ಪ್ರೋಗ್ರಾಂ ಶುರುವಾಗುವ ‘ಮೇನ್’ (main) ಫಂಕ್ಷನ್‌ನ ಕೈಗೆ ಬರುವಾಗ ಅದು ಸಾಮಾನ್ಯವಾಗಿ ಹಳೆಯ ಕೋಡ್ ಪೇಜ್‌ಗೆ (ಕೆಲವೇ ಅಕ್ಷರಗಳ ಪಟ್ಟಿಗೆ) ಬದಲಾಗುತ್ತದೆ, ಅಲ್ಲಿ ನಮ್ಮ ಅಕ್ಷರಗಳಿಗೆ ಜಾಗವೇ ಇಲ್ಲ. ಹೆಸರನ್ನು ಇಂಗ್ಲಿಷಿಗೆ ಬದಲಿಸುವ ಸುಲಭದ ದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ‘ಮೇನ್’ ಬದಲು ‘ಡಬ್ಲ್ಯೂಮೇನ್’ (wmain) ಬರೆದು, ‘ಡಬ್ಲ್ಯೂಸೆಟ್‌ಆರ್ಗ್‌ವಿ’ (wsetargv.obj) ಎಂಬ ಆಬ್ಜೆಕ್ಟ್ ಕಡತವನ್ನು ಲಿಂಕ್ ಮಾಡಿದರೆ ಅಕ್ಷರಗಳೂ ಉಳಿಯುತ್ತವೆ, ನಕ್ಷತ್ರವೂ ಬಿಡಿಸಿಕೊಳ್ಳುತ್ತದೆ. ‘ಸೋನಾ ಮಸೂರಿ’ಯ ನಡುವೆ ತೆರಪಿರುವುದರಿಂದ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ, ಒಂಟಿ ಚಿಹ್ನೆಯನ್ನು ಲಿನಕ್ಸ್‌ನ ಶೆಲ್ ಒಪ್ಪುತ್ತದೆ, ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದು ನಡೆಯುವುದಿಲ್ಲ.