ಅನ್ನ, ಮುದ್ದೆ ಬಿಟ್ಟಿರುವ ಸಕ್ಕರೆ ಕಾಯಿಲೆಯವರು ಮುಳ್ಳಯ್ಯನಗಿರಿ ಹತ್ತುವಾಗ ಶುಗರ್ ಇಳಿಯುತ್ತದೆಯೇ?

ಅದು ನೀವು ತೆಗೆದುಕೊಳ್ಳುವ ಔಷಧಿಯ ಮೇಲಿದೆ. ಬರೀ ಮೆಟ್‌ಫಾರ್ಮಿನ್ ಆದರೆ ತೀರಾ ಇಳಿಯುವುದು ಅಪರೂಪ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ಇದ್ದರೆ ಹುಷಾರು: ಕಾರ್ಬ್ ಕಡಿಮೆ ತಿನ್ನುವವರ ಲಿವರ್‌ನಲ್ಲಿ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ದಾಸ್ತಾನೂ ಕಡಿಮೆ, ಹತ್ತುವ ಕಾಲು ಮಾತ್ರ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಡೋಸ್ ಇಳಿಸಬೇಕೇ ಎಂದು ಡಾಕ್ಟರನ್ನು ಮೊದಲೇ ಕೇಳಿ. ಹೊರಡುವಾಗ ಶುಗರ್ ಮೀಟರ್ 90ಕ್ಕಿಂತ ಕೆಳಗಿದ್ದರೆ ಒಂದು ಬಾಳೆಹಣ್ಣಾದರೂ ತಿನ್ನಿ.

ಬೆಟ್ಟ ಹತ್ತುವ ಸರ್ಪದಾರಿಯ ತಣ್ಣನೆ ಗಾಳಿಯಲ್ಲೂ ನಮ್ಮಪ್ಪನ ಅಂಗೈ ಬೆವರಿ ನಡುಗುತ್ತಿತ್ತು, ಮೀಟರ್ 62. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಕೂರಿಸಿ ಮತ್ತೆ ನೋಡಿದೆವು. 70ಕ್ಕಿಂತ ಇಳಿದಾಗ ಡಯಟ್ ಕೆಡುತ್ತೆ ಅಂತ ದಯವಿಟ್ಟು ಹಿಂಜರಿಯಬೇಡಿ. ಬಾದಾಮಿ, ಕಡಲೆಬೀಜ ಆಗ ಕೆಲಸಕ್ಕೆ ಬರುವುದಿಲ್ಲ. ರಾತ್ರಿಯೂ ಇಳಿಯಬಹುದು, ಮಲಗುವ ಮುಂಚೆ ಇನ್ನೊಮ್ಮೆ ಪರೀಕ್ಷಿಸಿ.