ಮೂರನೇ ಪುಟದಿಂದ ಶುರು ಮಾಡಿ

ಮೂಲ್ಕಿ ಕಡೆಯ ಓದುಗರೊಬ್ಬರು ಸಿಟ್ಟಿನಿಂದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಫೆಬ್ರವರಿಯಲ್ಲಿ ಅವರ ಅಜ್ಜಿ ತೀರಿಕೊಂಡರು. 91 ವರ್ಷ. ಅಜ್ಜಿಯ ಬಗ್ಗೆ ಎಂಟು ಪುಟ ಬರೆದು ಕಳಿಸಿದರೆ ನಾವು ಫೋಟೋದ ಕೆಳಗೆ ನಾಲ್ಕು ಸಾಲು ಹಾಕಿ ಮುಗಿಸಿದೆವು. ಬೀಡಿ ಕಟ್ಟಿ ಐದು ಮಕ್ಕಳನ್ನು ಸಾಕಿದ, ಭಾನುವಾರ ತಪ್ಪದೆ ಚರ್ಚಿಗೆ ಹೋದ ಹೆಂಗಸಿನ ಬದುಕು ನಿಮ್ಮ ಪತ್ರಿಕೆಗೆ ಸಾಲದೇ ಎಂಬುದು ಅವರ ಪ್ರಶ್ನೆ.

ನಿಮ್ಮ ಸಿಟ್ಟು ಸರಿಯೇ. ಲೇಖನ ವಾಪಸ್ ಕಳಿಸಿ ಹೀಗೆ ತಿದ್ದಿ ಎಂದು ಹೇಳಬೇಕಿತ್ತು. ಸುಮ್ನೆ ಕತ್ತರಿ ಹಾಕಿದ್ದು ನನ್ನ ಸೋಮಾರಿತನ.

ಆದರೆ ಒಂದು ಮಾತು. ನಿಮ್ಮ ಮೊದಲ ಎರಡು ಪುಟದಲ್ಲಿ ಅಜ್ಜಿ ಎಲ್ಲೂ ಇಲ್ಲ. ದೈವಭಕ್ತೆ, ಮೃದುಭಾಷಿ, ಪರೋಪಕಾರಿ, ಆದರ್ಶ ಗೃಹಿಣಿ ಎಲ್ಲಾ ಇದೆ. ಹೆಸರು ಬದಲಾಯಿಸಿದರೆ ಪಕ್ಕದ ಮನೆಯವರ ಅಜ್ಜಿಗೂ ನಡೆಯುತ್ತದೆ. ದೊಡ್ಡ ಮನುಷ್ಯನ ಹಾಗೆ ಬುದ್ಧಿ ಹೇಳುತ್ತಿಲ್ಲ. ನನ್ನ ಅಮ್ಮ ಹೋದಾಗ ನಾನೂ ಹೀಗೇ ಬರೆದಿದ್ದೆ. ಓದಿದ ಚಿಕ್ಕಮ್ಮ, "ಇದು ಯಾರ ಬಗ್ಗೆ ಮಾರಾಯ?" ಅಂದಿದ್ದರು.

ನಿಮ್ಮ ಅಜ್ಜಿ ಬರುವುದು ಮೂರನೇ ಪುಟದಲ್ಲಿ. ಮಧ್ಯಾಹ್ನದ ಅನ್ನಕ್ಕೆ ಕುಚ್ಚಲಕ್ಕಿ ಅಳೆದು ಪಾತ್ರೆಗೆ ಹಾಕುತ್ತಾರೆ. ಆಮೇಲೆ ಅದರಿಂದಲೇ ಒಂದು ಹಿಡಿ ವಾಪಸ್ ತೆಗೆದು ಬಿಸ್ಕೆಟ್ ಡಬ್ಬಕ್ಕೆ ಸುರಿಯುತ್ತಾರೆ. ಅದು ಚರ್ಚಿನ ಸಭೆಗೆ ಕೊಡುವ ಹಿಡಿ ಅಕ್ಕಿ. ಬೀಡಿಯ ದುಡ್ಡು ಕೈಗೆ ಬಾರದ ವಾರ ಹಿಡಿ ಸಣ್ಣದಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಒಮ್ಮೆ ನೀವು "ನಮಗೇ ಸಾಲುವುದಿಲ್ಲ ಅಲ್ವಾ ಅಜ್ಜಿ?" ಎಂದು ಕೇಳಿದಿರಿ. ಅವರು ಏನೂ ಹೇಳಲಿಲ್ಲ. ನಿಮ್ಮ ಕೈ ಹಿಡಿದು ಅಕ್ಕಿಯೊಳಗೆ ಇಳಿಸಿದರು. ಎಂಟು ವರ್ಷದ ಮಗುವಿನ ಹಿಡಿಯಲ್ಲಿ ಬಂದಷ್ಟೇ ಆ ದಿನದ ಕಾಣಿಕೆ.

ಇದನ್ನು ನೀವು ನಾಲ್ಕು ಸಾಲಿನಲ್ಲಿ ಮುಗಿಸಿ, ಪುನಃ ಪರೋಪಕಾರಕ್ಕೆ ಹೋಗಿಬಿಟ್ಟಿದ್ದೀರಿ!

ತಪ್ಪು ನಮ್ಮದೂ ಇದೆ. ನಮ್ಮ ಚರ್ಚುಗಳನ್ನು ಕಟ್ಟಿದ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ ಅಂದ ಕೂಡಲೇ ಪತ್ರಿಕೆಯವರ ಪೆನ್ನು ತಾನಾಗಿ ಓಡುತ್ತದೆ. 1834ರಲ್ಲಿ ಮಿಶನರಿ ಹೆಬಿಕ್ ಮತ್ತು ಇಬ್ಬರು ಜೊತೆಗಾರರು ಮಂಗಳೂರಿಗೆ ಬಂದಿಳಿದದ್ದು, 1843ರಲ್ಲಿ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಪತ್ರಿಕೆ, 1894ರಲ್ಲಿ ಕಿಟೆಲ್ ನಿಘಂಟು. ಇಷ್ಟನ್ನು ನಾನೇ ಎಷ್ಟೋ ಸಲ ಅಚ್ಚು ಹಾಕಿದ್ದೇನೆ. ಬೆಂಚಿನಲ್ಲಿ ಕೂತು ಹಾಡಿದ ಹೆಂಗಸರ ಬಗ್ಗೆ ಎಷ್ಟು ಹಾಕಿದ್ದೇನೆ ಎಂದು ಲೆಕ್ಕ ಕೇಳಬೇಡಿ.

ಅಜ್ಜಿಯ ಅಪ್ಪ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿದ್ದರು ಎಂದು ಬರೆದಿದ್ದೀರಿ. ಅಜ್ಜಿ ಅದನ್ನು ‘ಮಿಶನ್ ಫ್ಯಾಕ್ಟರಿ’ ಅನ್ನುತ್ತಿದ್ದರು, ದೊಡ್ಡ ಮಾವ ‘ಕಾಮನ್‌ವೆಲ್ತ್’ ಅನ್ನುತ್ತಾರೆ, ಯಾವುದು ಸರಿ ಎಂದು ಕೇಳಿದ್ದೀರಿ. ಎರಡೂ ಸರಿ. ಮೊದಲ ಮಹಾಯುದ್ಧದ ಹೊತ್ತಿಗೆ ಮಿಶನ್ನಿಗೆ ಜರ್ಮನ್ ನಂಟಿದೆ ಎಂದು ಬ್ರಿಟಿಷ್ ಸರ್ಕಾರ ಅದರ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಅಜ್ಜಿ ಹುಟ್ಟುವ ಮೊದಲೇ ಯಜಮಾನರು ಬದಲಾಗಿದ್ದರು, ಬಾಯಿಮಾತು ಬದಲಾಗಿರಲಿಲ್ಲ. ಚರ್ಚು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದ ಮೇಲೂ ಜನ ಬಾಸೆಲ್ ಮಿಶನ್ ಚರ್ಚು ಅನ್ನುತ್ತಾರಲ್ಲ, ಹಾಗೆ. ಲೇಖನದಲ್ಲಿ ಅಜ್ಜಿಯ ಮಾತನ್ನೇ ಉಳಿಸಿ.

ಹಂಚಿನ ಮೇಲೆ 1865 ಎಂದು ಇದೆ, ಹಾಗಾಗಿ ಮನೆ 1865ರದ್ದು ಎಂಬ ಸಾಲು ಮಾತ್ರ ತೆಗೆಯಿರಿ. ಅದು ಕಾರ್ಖಾನೆ ಶುರುವಾದ ವರ್ಷ. ಎಷ್ಟೋ ವರ್ಷದ ನಂತರ ಸುಟ್ಟ ಹಂಚಿನ ಮೇಲೂ ಅದೇ ಇರುತ್ತದೆ. ಈ ತಪ್ಪು ಮಾಡುವವರು ಜಾಸ್ತಿ ಜನ ಇದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಹಲಸಿನ ಮರದ ಜಗಳ. ಗಡಿಯಲ್ಲಿದ್ದ ಒಂದು ಮರಕ್ಕಾಗಿ ಅಜ್ಜಿ ತಂಗಿಯ ಜೊತೆ ಆರು ವರ್ಷ ಮಾತು ಬಿಟ್ಟಿದ್ದರು. ಸತ್ತವರ ಬಗ್ಗೆ ಇದೆಲ್ಲ ಬೇಡ ಎಂದು ಮಾವ ಹೇಳುತ್ತಾರೆ, ನೀವು ಆ ಪ್ಯಾರಾಕ್ಕೆ ಅಡ್ಡಗೆರೆ ಎಳೆದಿದ್ದೀರಿ. ಗೆರೆ ಅಳಿಸಿ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಅಕ್ಕತಂಗಿ ಇಬ್ಬರೂ ಮೊಣಕಾಲೂರುತ್ತಿದ್ದರು, ನಡುವೆ ಯಾರಾದರೂ ಒಬ್ಬರು ಬರುವ ಹಾಗೆ ನೋಡಿಕೊಂಡು. ಆ ತಂಗಿಗೆ ಟೈಫಾಯಿಡ್ ಆದಾಗ ಗಂಜಿ ಹೊತ್ತುಕೊಂಡು ಹೋದದ್ದು ನಿಮ್ಮ ಅಜ್ಜಿಯೇ. ಬಾಗಿಲಲ್ಲಿ ಇಟ್ಟು, ಮಾತಾಡದೆ ಬಂದರಂತೆ. ಮಾವನಿಗೆ ನಾನೇ ಫೋನ್ ಮಾಡುತ್ತೇನೆ ಬೇಕಾದರೆ.

ಅಜ್ಜಿಯ ಸಂಗೀತ ಪುಸ್ತಕದೊಳಗೆ, ಅಂದರೆ ಚರ್ಚಿನ ಹಾಡಿನ ಪುಸ್ತಕದೊಳಗೆ, ಕಟ್ಟಿದ ಬೀಡಿ ಕೊಡುವ ಬ್ರ್ಯಾಂಚಿನ ಚೀಟಿಗಳು ಸಿಕ್ಕಿವೆ ಎಂದಿದ್ದೀರಿ. ಯಾವ ಹಾಡಿನ ಪುಟದಲ್ಲಿ ಯಾವ ಚೀಟಿ ಇತ್ತು ಎಂದು ಬರೆದಿಡಿ, ಆಮೇಲೆ ತೆಗೆಯಿರಿ. ಅಜ್ಜಿಯ ದೀಕ್ಷಾಸ್ನಾನ, ಮದುವೆಯ ತಾರೀಕು ಗೊತ್ತಿಲ್ಲದಿದ್ದರೆ ಸಭಾಪಾಲಕರನ್ನು ಕೇಳಿ ರಿಜಿಸ್ಟರ್ ನೋಡಿ. ಹಳೆಯ ಕಾಗದಪತ್ರ ಬೇಕಾದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೂ ಒಮ್ಮೆ ಹೋಗಿ ಬನ್ನಿ. ಅದಕ್ಕಿಂತ ಮೊದಲು, ಅಜ್ಜಿಯ ಜೊತೆ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಪಕ್ಕದ ಮನೆಯವರು ಇನ್ನೂ ಇದ್ದಾರಲ್ಲ, ಅವರ ಬಳಿ ಒಂದು ಸಂಜೆ ಕೂತುಕೊಳ್ಳಿ. ರಿಜಿಸ್ಟರ್ ಮುಂದಿನ ತಿಂಗಳೂ ಅಲ್ಲೇ ಇರುತ್ತದೆ.

ನಿಮ್ಮ ಎಂಟು ಪುಟ ಅಂಚೆಯಲ್ಲಿ ವಾಪಸ್ ಬರುತ್ತಿದೆ. ಮೊದಲ ಎರಡು ಪುಟ ಬಿಟ್ಟು, ಅಕ್ಕಿಯಿಂದ ಶುರು ಮಾಡಿ. ಜುಲೈ ಸಂಚಿಕೆಯಲ್ಲಿ ನಾಲ್ಕು ಪುಟ ಇಟ್ಟಿರುತ್ತೇನೆ. ಫೋಟೋ ಬೇರೆ ಕಳಿಸಿ. ಸ್ಟುಡಿಯೋದ್ದು ಬೇಡ, ಆ ಬಿಸ್ಕೆಟ್ ಡಬ್ಬ ಯಾರ ಮನೆಯಲ್ಲಾದರೂ ಇದ್ದರೆ ಅದರದ್ದು.

– ಸಂಪಾದಕ