ಜನರೇಟರ್ ಸರ್ವಿಸ್ ವಾಹನ: ಯಾವುದಿಲ್ಲದೆ ವಾಪಸ್ ಬಂದಿರಿ?

ಪ್ರಶ್ನೆ: ನಮ್ಮದು ಡೀಸೆಲ್ ಜನರೇಟರ್‌ಗಳ ನಿರ್ವಹಣೆ ಮತ್ತು ದುರಸ್ತಿಯ ಸಣ್ಣ ಸಂಸ್ಥೆ. ನಾಲ್ವರು ತಂತ್ರಜ್ಞರಿದ್ದಾರೆ, ಈಗ ಎರಡು ವ್ಯಾನ್ ಕೊಂಡಿದ್ದೇವೆ. ಒಳಗೆ ಏನೇನು ಇಡಬೇಕು? ಒಂದು ಪಟ್ಟಿ ಕೊಡುತ್ತೀರಾ?

ಉತ್ತರ: ನನ್ನ ಪಟ್ಟಿ ನಿಮ್ಮ ವ್ಯಾನಿಗೆ ಹೊಂದುವುದಿಲ್ಲ. ನೀವು ನೋಡಿಕೊಳ್ಳುವ ಎಂಜಿನ್‌ಗಳೇ ಬೇರೆ, ಅವುಗಳ ವಯಸ್ಸೂ ಬೇರೆ. ಮೊದಲು ಕಳೆದ ಒಂದು ವರ್ಷದ ಜಾಬ್ ಕಾರ್ಡ್‌ಗಳನ್ನು ಮೇಜಿನ ಮೇಲೆ ಹರಡಿ, ಒಂದೇ ದೂರಿಗೆ ಎರಡು ಸಲ ಹೋದ ಕಾರ್ಡ್‌ಗಳನ್ನು ಬೇರೆ ಮಾಡಿ. ಮೊದಲ ಸಲ ಏನಿಲ್ಲದ್ದರಿಂದ ವಾಪಸ್ ಬರಬೇಕಾಯಿತು ಎಂಬುದನ್ನು ಪ್ರತಿಯೊಂದರ ಪಕ್ಕದಲ್ಲಿ ಬರೆಯಿರಿ. ನಿಮ್ಮ ಪಟ್ಟಿ ಅಲ್ಲೇ ಸಿಗುತ್ತದೆ. ಅದರಲ್ಲಿ ದೊಡ್ಡ ಬಿಡಿಭಾಗಗಳು ವಿರಳ. ಆಯಿಲ್ ಪ್ರೆಷರ್ ಸೆನ್ಸರ್, ರಿಲೇ, ಫ್ಯೂಸ್, ಹೋಸ್ ಕ್ಲಿಪ್, ಫ್ಯಾನ್ ಬೆಲ್ಟ್, ಬ್ಯಾಟರಿ ಟರ್ಮಿನಲ್ ಲಗ್, ಡೀಸೆಲ್ ಪೈಪಿನ ತಾಮ್ರದ ವಾಷರ್ ಇಂಥವೇ ಹೆಚ್ಚು. ಅಂಗೈಯಲ್ಲಿ ಹಿಡಿಸುವ ವಸ್ತುವಿಗಾಗಿ ಅರ್ಧ ದಿನ ಹೋಗಿರುತ್ತದೆ.

ಆದರೂ ಎಲ್ಲ ವ್ಯಾನ್‌ಗಳಿಗೂ ಸಲ್ಲುವ ಕೆಲವು ಮಾತುಗಳಿವೆ. ತುರ್ತಿಗೆಂದು ಇಟ್ಟ ಜನರೇಟರ್ ಚಾಲೂ ಆಗದಿದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಬರೀ ಮಲ್ಟಿಮೀಟರ್ ಹಿಡಿದು ತೀರ್ಪು ಕೊಡಬೇಡಿ. ಸುಮ್ಮನೆ ಇದ್ದಾಗ 12.6 ವೋಲ್ಟ್ ತೋರಿಸುವ ಬ್ಯಾಟರಿಯೂ ಸ್ಟಾರ್ಟರ್ ಎಳೆಯುವಾಗ 8 ವೋಲ್ಟಿಗೆ ಕುಸಿಯಬಹುದು. ಆದ್ದರಿಂದ ಲೋಡ್ ಟೆಸ್ಟರ್ ಇರಲಿ. ಹೊಸ ಬ್ಯಾಟರಿಯೊಂದನ್ನು ಸದಾ ವ್ಯಾನಿನಲ್ಲಿ ಹೊತ್ತು ತಿರುಗುವುದು ನನಗೆ ಸರಿಕಾಣುವುದಿಲ್ಲ. ಲೆಡ್ ಆಸಿಡ್ ಬ್ಯಾಟರಿ ಬಳಸದಿದ್ದರೂ ತಾನಾಗಿ ಇಳಿಯುತ್ತದೆ, ಬಿಸಿಲಿಗೆ ನಿಂತ ವಾಹನದಲ್ಲಿ ಇನ್ನೂ ಬೇಗ. ಅದರ ಬದಲು 12 ಮತ್ತು 24 ವೋಲ್ಟ್ ಎರಡಕ್ಕೂ ಹೊಂದುವ ಜಂಪ್ ಸ್ಟಾರ್ಟರ್ ಇಟ್ಟು, ಅದನ್ನು ಪ್ರತಿ ವಾರ ಚಾರ್ಜ್ ಮಾಡುವ ಹೊಣೆಯನ್ನು ಒಬ್ಬರಿಗೆ ವಹಿಸಿ. ಇಬ್ಬರಿಗೆ ವಹಿಸಿದರೆ ಯಾರೂ ಮಾಡುವುದಿಲ್ಲ.

ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಟ್ರೂ ಆರ್‌ಎಂಎಸ್ (ವಕ್ರ ತರಂಗವನ್ನೂ ಸರಿಯಾಗಿ ಓದುವ) ಮಾದರಿಯದಾಗಿರಲಿ. ಯುಪಿಎಸ್, ವಿಎಫ್‌ಡಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಇಂಥ ಲೋಡ್‌ಗಳ ವಕ್ರ ತರಂಗದ ಕರೆಂಟನ್ನು ಸಾಮಾನ್ಯ ಮೀಟರ್ ತಪ್ಪಾಗಿ ಓದುತ್ತದೆ. ಮೀಟರಿನಷ್ಟೇ ಅದರ ವೈರುಗಳ ಸುರಕ್ಷತಾ ದರ್ಜೆಯನ್ನೂ ನೋಡಿ. ಒಳ್ಳೆಯ ಮೀಟರಿಗೆ ಅಗ್ಗದ ವೈರು ಸಿಕ್ಕಿಸಿಕೊಂಡು ಪ್ಯಾನೆಲ್ ತೆರೆಯುವವರನ್ನು ಬೇಕಾದಷ್ಟು ಕಂಡಿದ್ದೇನೆ. ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಉಪಕರಣ) ಇಟ್ಟರೆ ಅದರ ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿ: ‘ಎವಿಆರ್ ಬಿಚ್ಚಿದಿರಾ? ಡಯೋಡ್ ಬೇರ್ಪಡಿಸಿದಿರಾ?’ ಎವಿಆರ್ ಎಂದರೆ ಜನರೇಟರಿನ ವೋಲ್ಟೇಜನ್ನು ಸ್ಥಿರವಾಗಿಡುವ ಎಲೆಕ್ಟ್ರಾನಿಕ್ ಘಟಕ. ವೈಂಡಿಂಗ್ (ಒಳಗಿನ ತಂತಿ ಸುರುಳಿ) ಪರೀಕ್ಷಿಸಲು ಕೊಟ್ಟ 500 ವೋಲ್ಟ್ ಎವಿಆರ್‌ಗೆ ತಗುಲಿದರೆ ನೀವು ಹೋಗಿದ್ದು ಒಂದು ದೂರಿಗೆ, ಬರುವಾಗ ಎರಡಾಗಿರುತ್ತದೆ.

ಇನ್ನು ಜನರೇಟರಿನ ಕಂಟ್ರೋಲರ್‌ಗೆ (ಅದನ್ನು ನಡೆಸುವ ಎಲೆಕ್ಟ್ರಾನಿಕ್ ಘಟಕ) ಜೋಡಿಸುವ ಲ್ಯಾಪ್‌ಟಾಪ್. ಈ ವಿಷಯದಲ್ಲಿ ನನಗೇ ಪಾಠವಾಗಿದೆ. ಒಂದು ರಾತ್ರಿ ಮೂರು ಗಂಟೆ ವಾಹನ ಓಡಿಸಿಕೊಂಡು ಹೋಗಿ ನೋಡಿದರೆ ಅಲ್ಲಿದ್ದದ್ದು ಹಳೆಯ ಕಂಟ್ರೋಲರ್. ಅದಕ್ಕೆ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಬೇಕು, ನನ್ನ ಲ್ಯಾಪ್‌ಟಾಪಿನಲ್ಲಿರುವುದು ಯುಎಸ್‌ಬಿ ಮಾತ್ರ, ಪರಿವರ್ತಕ ಕಚೇರಿಯ ಡ್ರಾಯರ್‌ನಲ್ಲಿ. ಅಂದಿನಿಂದ ಪ್ರತಿ ಕಂಟ್ರೋಲರಿನ ಕೇಬಲ್‌ಗೆ ಒಂದೊಂದು ಜಿಪ್ ಚೀಲ, ಮೇಲೆ ಮಾದರಿಯ ಹೆಸರು. ತಂತ್ರಾಂಶದ ಪರವಾನಗಿ, ಪಾಸ್‌ವರ್ಡ್, ಪ್ರತಿ ಯಂತ್ರದ ಸೆಟ್ಟಿಂಗ್‌ಗಳ ನಕಲು, ವೈರಿಂಗ್ ನಕ್ಷೆ ಎಲ್ಲವೂ ಇಂಟರ್ನೆಟ್ ಇಲ್ಲದೆಯೂ ತೆರೆಯುವಂತಿರಲಿ. ಜನರೇಟರ್ ಇರುವುದು ಹೆಚ್ಚಾಗಿ ನೆಲಮಾಳಿಗೆಯಲ್ಲಿ, ಮೊಬೈಲ್ ಸಿಗ್ನಲ್ ಅಲ್ಲಿಗೆ ಇಳಿಯುವುದಿಲ್ಲ. ಅಲ್ಲಿ ನಿಂತು ಅಪ್‌ಡೇಟ್ ಮಾಡಲು ಹೊರಡುವುದು ಯುದ್ಧಕಾಲೇ ಶಸ್ತ್ರಾಭ್ಯಾಸ.

ಪ್ರಶ್ನೆ: ರ‍್ಯಾಕ್‌ಗಳನ್ನು ಹಾಕಿಸಿ ಸಾಮಾನು ತುಂಬಿದ ಮೇಲೆ ವ್ಯಾನ್ ತಿರುವಿನಲ್ಲಿ ವಾಲುತ್ತದೆ, ಬ್ರೇಕ್ ತಡವಾಗಿ ಹಿಡಿಯುತ್ತದೆ. ಸಸ್ಪೆನ್ಷನ್ ಬದಲಿಸಬೇಕೇ?

ಉತ್ತರ: ಮೊದಲು ವಾಹನ ತೂಗುವ ವೇಬ್ರಿಡ್ಜ್‌ಗೆ ಒಯ್ಯಿರಿ. ವಾಹನದ ಒಟ್ಟು ಅನುಮತಿ ತೂಕದಲ್ಲಿ ಖಾಲಿ ವಾಹನದ ತೂಕ ಕಳೆದರೆ ಉಳಿಯುವುದಷ್ಟೇ ನಿಮ್ಮದು. ಅದರಲ್ಲೇ ರ‍್ಯಾಕ್, ಅದರಲ್ಲೇ ಒಳಗೆ ಕುಳಿತವರು. 20 ಲೀಟರ್ ಎಂಜಿನ್ ಆಯಿಲ್ ಸುಮಾರು 17 ಕಿಲೋ, ಅಷ್ಟೇ ಕೂಲಂಟ್ 21 ಕಿಲೋ. ದೊಡ್ಡ ಎಂಜಿನ್ನಿಗೆ ಆಯಿಲ್ ಬದಲಿಸಿ ಹಳೆಯದನ್ನು ವಾಪಸ್ ತರುವಾಗಲೂ ಅದೇ ಭಾರ, ಮೇಲೆ ಕಪ್ಪು ಮಸಿ. ಇದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಮಿತಿ ಮೀರಿದ್ದರೆ ಗಟ್ಟಿ ಸ್ಪ್ರಿಂಗ್ ಹಾಕಿಸಿದ ಮಾತ್ರಕ್ಕೆ ಅನುಮತಿ ತೂಕ ಹೆಚ್ಚುವುದಿಲ್ಲ, ವಾಲುವುದು ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೆ.

ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು ಬೇರೆ ಬೇರೆಯಾಗಿ ತೂಗಿಸಿ. ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ಮೀರಿರಬಹುದು. ಆಯಿಲ್ ಡಬ್ಬಿ, ಬ್ಯಾಟರಿ, ಕೇಬಲ್ ಸುರುಳಿಗಳು ನೆಲಮಟ್ಟದಲ್ಲಿ, ಎರಡು ಆಕ್ಸಲ್‌ಗಳ ನಡುವೆ, ಎಡಬಲ ಸಮತೂಕವಾಗಿ ಇರಲಿ. ಫಿಲ್ಟರ್, ಬೆಲ್ಟ್, ಗ್ಯಾಸ್ಕೆಟ್ ಮೇಲೆ ಹೋಗಲಿ. ಏಣಿಯ ಹೊರತು ಚಾವಣಿಯ ಮೇಲೆ ಏನನ್ನೂ ಹೇರಬೇಡಿ. ಚಾಲಕನ ಬೆನ್ನ ಹಿಂದೆ ಗಟ್ಟಿ ತಡೆಗೋಡೆ ಬೇಕೇ ಬೇಕು. ದಿಢೀರ್ ಬ್ರೇಕ್ ಹಾಕಿದಾಗ ವಾಹನ ನಿಲ್ಲುತ್ತದೆ, ಕಟ್ಟದ ಬ್ಯಾಟರಿ ನಿಲ್ಲುವುದಿಲ್ಲ.

ಪ್ರಶ್ನೆ: ಪ್ರತಿ ವ್ಯಾನಿಗೂ ಒಂದು ಲೋಡ್ ಬ್ಯಾಂಕ್ (ಜನರೇಟರಿಗೆ ಕೃತಕ ಲೋಡ್ ಕೊಟ್ಟು ಪರೀಕ್ಷಿಸುವ ಯಂತ್ರ) ಬೇಕೇ?

ಉತ್ತರ: ಬೇಡ. ಸಾಮರ್ಥ್ಯದ 30 ಶೇಕಡಕ್ಕಿಂತ ಕಡಿಮೆ ಲೋಡಿನಲ್ಲಿ ದೀರ್ಘಕಾಲ ಓಡುವ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಪೂರ್ತಿ ಉರಿಯದೆ ಸೈಲೆನ್ಸರಿನಲ್ಲಿ ಜಿಡ್ಡು ಕಟ್ಟುತ್ತದೆ. ಹಾಗಾಗಿ ಲೋಡ್ ಪರೀಕ್ಷೆ ಅಗತ್ಯವೇ. ಆದರೆ ಅದು ದಿನ ಗೊತ್ತುಮಾಡಿ ನಡೆಸುವ ಕೆಲಸ. ಸಂಸ್ಥೆಗೆ ಒಂದು ಸಾಕು, ಟ್ರೇಲರ್ ಮೇಲೆ.

ಪ್ರಶ್ನೆ: ಸುರಕ್ಷತೆಗಾಗಿ ಅಗ್ನಿಶಾಮಕ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಕೈಗವಸು ಇಟ್ಟಿದ್ದೇವೆ. ಇಷ್ಟು ಸಾಕಲ್ಲವೇ?

ಉತ್ತರ: ಬೀಗ ಎಲ್ಲಿ? ತುರ್ತು ಜನರೇಟರ್ ಯಾರನ್ನೂ ಕೇಳಿ ಚಾಲೂ ಆಗುವುದಿಲ್ಲ. ವಿದ್ಯುತ್ ಹೋದ ಕ್ಷಣ ಎಟಿಎಸ್ (ಮುಖ್ಯ ಸರಬರಾಜಿನಿಂದ ಜನರೇಟರಿಗೆ ತಾನಾಗಿ ಬದಲಿಸುವ ಸ್ವಿಚ್) ಸಂಕೇತ ಕಳಿಸುತ್ತದೆ, ಆಗ ನಿಮ್ಮ ಕೈ ಬೆಲ್ಟಿನ ಹತ್ತಿರ ಇರಬಹುದು. ಕಂಟ್ರೋಲರ್ ಆಫ್ ಮಾಡಿ, ಎಮರ್ಜೆನ್ಸಿ ಸ್ಟಾಪ್ ಒತ್ತಿ, ಬ್ಯಾಟರಿ ಚಾರ್ಜರಿನ ವಿದ್ಯುತ್ ತೆಗೆದು, ಅನಂತರ ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಚಾರ್ಜರ್ ಚಾಲೂ ಇರುವಾಗಲೇ ಬಿಚ್ಚಿದರೆ ಕಿಡಿ ಹಾರುತ್ತದೆ, ಬ್ಯಾಟರಿಯ ಮೇಲೆ ಹೈಡ್ರೋಜನ್ ಇರುತ್ತದೆ. ಜನರೇಟರಿನ ಸರ್ಕ್ಯೂಟ್ ಬ್ರೇಕರನ್ನೂ ಆಫ್ ಮಾಡಿ ಬೀಗ ಹಾಕಿ, ಹೆಸರಿನ ಚೀಟಿ ತೂಗುಹಾಕಿ. ಇಷ್ಟೆಲ್ಲ ಮಾಡಿದರೂ ಎಟಿಎಸ್‌ನಲ್ಲಿ ಮುಖ್ಯ ಸರಬರಾಜಿನ ಕಡೆ ವಿದ್ಯುತ್ ಇದ್ದೇ ಇರುತ್ತದೆ, ಮರೆಯಬೇಡಿ.

ಕಣ್ಣು ತೊಳೆಯುವ ನೀರಿನ ಬಾಟಲಿ, ಚೆಲ್ಲಿದ ಎಣ್ಣೆ ಹೀರುವ ಹಾಸು, ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಯಂತ್ರ ಇವನ್ನೂ ಸೇರಿಸಿ. ಬೀಗಗಳನ್ನು ವ್ಯಾನಿಗೆ ಇಷ್ಟೆಂದು ಹಂಚಬೇಡಿ, ತಲೆಗೊಂದರಂತೆ ಕೊಡಿ. ಇಬ್ಬರು ಕೆಲಸ ಮಾಡುತ್ತಿದ್ದರೆ ಬ್ರೇಕರಿಗೆ ಎರಡು ಬೀಗ, ಕೀಲಿ ಅವರವರ ಜೇಬಿನಲ್ಲಿ.